ತಾಯತ ಕಟ್ಟಿದ ಜಾಯ್‌ಸ್ಟಿಕ್

ಥಾಯ್ಲೆಂಡಿನ ಉಥೈ ಥಾನಿಯಲ್ಲಿ ನದಿಗೆ ಬೆನ್ನು ಹಾಕಿ ನಿಂತಿರುವ ನಮ್ಮ ಬೀದಿಯಿಂದ ಬಾಹ್ಯಾಕಾಶಕ್ಕೆ ಹೋದವರು ಲುಂಗ್ ಪ್ರಯೂನ್ ಒಬ್ಬರೇ. ಅವರು ಹೋದದ್ದು ಊಟದ ಮೇಜಿನಿಂದ. ಅದೂ ಇಡೀ ಮೇಜಲ್ಲ. ಹೆಂಡತಿ ಮಾರುವ ಮಿಠಾಯಿಯ ತಟ್ಟೆಗಳಿಗೆ ಬಿಟ್ಟು ಉಳಿದ ಅರ್ಧ.

ಲುಂಗ್ ಎಂದರೆ ದೊಡ್ಡಪ್ಪ. ಅವರು ನನಗಾಗಲಿ ಬೀದಿಯಲ್ಲಿ ಬೇರೆ ಯಾರಿಗಾಗಲಿ ದೊಡ್ಡಪ್ಪನಲ್ಲ. ಆದರೆ ಐವತ್ತು ದಾಟಿದ ಗಂಡಸನ್ನು ಇಲ್ಲಿ ಹಾಗೆ, ಹೆಂಗಸನ್ನು ಪಾ, ಅಂದರೆ ದೊಡ್ಡಮ್ಮ, ಎಂದು ಕರೆಯದಿದ್ದರೆ ಬೈಗುಳ ನಮ್ಮನ್ನು ಬೆಳೆಸಿದವರಿಗೆ ಬೀಳುತ್ತದೆ. ತಾಲ್ಲೂಕು ಕಚೇರಿಯಲ್ಲಿ ಗುರುತಿನ ಚೀಟಿ ಕೊಡುವ ಕಿಟಕಿಯ ಹಿಂದೆ ಅವರು ಇಪ್ಪತ್ತಾರು ವರ್ಷ ಕೂತಿದ್ದಾರೆ. ನನ್ನದು ಪಕ್ಕದ ಮನೆ, ಹೊಲಿಗೆ ಕೆಲಸ. ನಡುವೆ ಹಲಗೆಯ ಗೋಡೆ. ಕೇಳಬಾರದೆಂದು ಎಷ್ಟು ಶಿಸ್ತಿನಿಂದ ಕೂತರೂ ಹಲಗೆಯ ಗೋಡೆ ತನ್ನ ಕೆಲಸ ಬಿಡುವುದಿಲ್ಲ.

ಹೋದ ವರ್ಷ ಅವರಿಗೆ ಕಂಪ್ಯೂಟರಿನಲ್ಲಿ ಬಾಹ್ಯಾಕಾಶದ ಹಡಗು ಹಾರಿಸುವ ಆಟದ ಗೀಳು ಹತ್ತಿತು. ಅದರಲ್ಲಿ ನಮ್ಮ ದೇಶದವರೇ ಇನ್ನೂರು ಜನ ಸೇರಿ 'ಗಗನ ಗರುಡ ಪಡೆ' ಎಂದು ಕಟ್ಟಿಕೊಂಡಿದ್ದಾರೆ. ಆ ಪಡೆಯಲ್ಲಿ ಹಡಗುಗಳಿಗಿಂತ ಹುದ್ದೆಗಳು ಹೆಚ್ಚು. ಕಮಾಂಡರ್ ಇದ್ದಾರೆ, ಉಪ ಕಮಾಂಡರ್ ಇದ್ದಾರೆ, ಉಪ ಕಮಾಂಡರರ ಸಹಾಯಕರಿಗೆ ಸಹಾಯಕರಿದ್ದಾರೆ. ಲುಂಗ್ ಪ್ರಯೂನ್ ಅಲ್ಲಿ 'ಗಗನ ಹದಿನೇಳು', ತಾತ್ಕಾಲಿಕ ನೆಲದ ಸಿಬ್ಬಂದಿ. ಹಾರಿಸುತ್ತಿದ್ದದ್ದು ಅಕ್ಷರ ಒತ್ತುವ ಕೀಲಿಮಣೆಯಿಂದ. ಹೇಳಿಕೊಂಡಿದ್ದದ್ದು ಮಾತ್ರ ತಮ್ಮ ಹತ್ತಿರ ಜಾಯ್‌ಸ್ಟಿಕ್ ಇದೆ, ಹಡಗು ತಿರುಗಿಸುವ ಕೋಲು ಅದು, ಬಹಳ ಹಳೆಯದು, ಕೈಗೆ ಪಳಗಿದೆ ಎಂದು.

ಹೀಗಿರುವಾಗ ಕಮಾಂಡರ್ ಪ್ರಕಟಣೆ ಹೊರಡಿಸಿದರು. ಬರುವ ಹದಿನಾರನೇ ತಾರೀಖು ಮಧ್ಯಾಹ್ನ ಒಂದೂವರೆಗೆ ಪರೀಕ್ಷೆ. ಪ್ರತಿಯೊಬ್ಬರೂ ಹಡಗನ್ನು ನಿಲ್ದಾಣದ ಬಾಗಿಲಿನೊಳಗೆ ತಂದು ನಿಲ್ಲಿಸಬೇಕು, ಜಾಯ್‌ಸ್ಟಿಕ್ ಹಿಡಿದ ಕೈ ಕ್ಯಾಮೆರಾದಲ್ಲಿ ಕಾಣಬೇಕು. ಗೆದ್ದವರು ಪೈಲಟ್. ಸೋತವರು ಕಾಯಂ ನೆಲದ ಸಿಬ್ಬಂದಿ.

"ನೆಲದ ಮೇಲೆ ಇಪ್ಪತ್ತಾರು ವರ್ಷ ಆಯ್ತು ಲಮೈ," ಎಂದು ಅವರು ಹೆಂಡತಿಗೆ ಹೇಳಿದ್ದು ಗೋಡೆ ದಾಟಿ ಬಂತು. "ಸಾಯೋದ್ರೊಳಗೆ ಒಂದೇ ಒಂದ್ಸಲ ಯಾರಾದ್ರೂ ನನ್ನ ಪೈಲಟ್ ಅನ್ಬೇಕು."

"ನಾನೇ ಅಂತೀನಿ ಬಿಡಿ. ಪೈಲಟ್, ಆ ತೆಂಗಿನಕಾಯಿ ತುರೀರಿ," ಎಂದರು ಪಾ ಲಮೈ.

ಅದು ಲೆಕ್ಕಕ್ಕೆ ಬರಲಿಲ್ಲ.

ಜಾಯ್‌ಸ್ಟಿಕ್ ಆರಿಸುವ ಕೆಲಸ ಹನ್ನೊಂದು ದಿನ ನಡೆಯಿತು. ಪಡೆಯವರನ್ನು ಸಲಹೆ ಕೇಳಿದರು. ಬಲಗೈಗೆ ಕೋಲು, ಎಡಗೈಗೆ ವೇಗದ ಹಿಡಿಕೆ ತಗೊಳ್ಳಿ ಎಂದರು ಒಬ್ಬರು. ಬಾಹ್ಯಾಕಾಶದಲ್ಲಿ ರಸ್ತೆಯೇ ಇಲ್ಲ, ಎರಡು ಕೈಗೂ ಕೋಲೇ ಸರಿ ಎಂದರು ಇನ್ನೊಬ್ಬರು. ತಿರುಚುವ ಕೋಲು ತಗೊಂಡರೆ ಮಣಿಕಟ್ಟು ಹೋಗುತ್ತದೆ, ಕಾಲಿಗೆ ಪೆಡಲ್ ಹಾಕಿಸಿ ಎಂದು ಮೂರನೆಯವರು. ಇದ್ಯಾವುದೂ ಬೇಡ, ದಿನಾ ಅಭ್ಯಾಸ ಮಾಡಿ ಸಾಕು ಎಂದ ನಾಲ್ಕನೆಯವರ ಜೊತೆ ಲುಂಗ್ ಮಾತು ಬಿಟ್ಟರು.

ಆಮೇಲೆ ಹಿಡಿತದ ಸಂಶೋಧನೆ ಶುರುವಾಯಿತು. ಕಂಡದ್ದನ್ನೆಲ್ಲ ಹಿಡಿದು, ಕಣ್ಣು ಮುಚ್ಚಿ, ಎಡಕ್ಕೂ ಬಲಕ್ಕೂ ವಾಲಿಸಿ ನೋಡುವರು. ಪೊರಕೆ, ಛತ್ರಿ, ನಮ್ಮ ಮನೆಯ ನೀರಿನ ಪಂಪಿನ ಹಿಡಿ. ಒಂದು ಸಂಜೆ ಪರಂಗಿಕಾಯಿ ಕುಟ್ಟುವ ಕೈ ಒನಕೆಯನ್ನೇ ಒರಳಿನಲ್ಲಿ ನಿಲ್ಲಿಸಿಕೊಂಡು ಕೂತಿದ್ದರು.

"ಅದನ್ನ ಕೆಳಗಿಡಿ, ಮೆಣಸಿನಕಾಯಿ ಕೈ ಕಣ್ಣಿಗೆ ಹೋಗತ್ತೆ," ಎಂದರು ಪಾ ಲಮೈ.

"ಹಿಡಿತ ನೋಡ್ತಿದ್ದೀನಿ."

"ಮದುವೆಯಾಗಿ ಇಪ್ಪತ್ತೆಂಟು ವರ್ಷ, ಒಂದಿನ ಒನಕೆ ಮುಟ್ಟಿದವರಲ್ಲ. ಈಗ ಹಿಡಿತ ನೋಡ್ತಾರಂತೆ."

ಕೊನೆಗೆ ಅವರು ಆರಿಸಿದ್ದು ಅತಿ ಹೆಚ್ಚು ಗುಂಡಿಗಳಿದ್ದ ಕೋಲನ್ನು. ಮೂವತ್ತೆರಡು ಗುಂಡಿ. ಕಾರಣವನ್ನು ಅವರೇ ವಿವರಿಸಿದರು: ಅವರ ಸಾಹೇಬರ ಮೇಜಿನ ಫೋನಿಗೂ ಹದಿನೆಂಟೇ ಗುಂಡಿ.

ಪೆಟ್ಟಿಗೆ ಬಂದ ದಿನ ನಡೆದದ್ದನ್ನು ನಾನು ಸರಿಯಾಗಿ ಹೇಳಬೇಕು, ಏಕೆಂದರೆ ಮುಂದಿನ ಎಲ್ಲ ಅನಾಹುತಕ್ಕೂ ಅಲ್ಲಿ ಆಡಿದ ಒಂದು ಮಾತೇ ಮೂಲ. ಪಾರ್ಸೆಲ್ ತಂದವನು ಬೀದಿಯ ನಡುವೆ ನಿಂತು, "ವಿಮಾನದ ಹಿಡಿಕೆ ಯಾರಿಗೆ?" ಎಂದು ಕೂಗಿದ. ಎದುರುಗಡೆ ಮಡಿಸುವ ಮೇಜು ಹಾಕಿಕೊಂಡು ಲಾಟರಿ ಚೀಟಿ ಮಾರುವ ಪಾ ಬುಪ್ಫಾ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಏನದು ಪ್ರಯೂನ್? ವಿಮಾನದ್ದಾ?"

ಆಟದ ಸಾಮಾನು ಎಂದರೆ ಮುಗಿಯುತ್ತಿತ್ತು. ಲುಂಗ್ ಪೆಟ್ಟಿಗೆ ನೋಡಿದರು, ಬೀದಿ ನೋಡಿದರು. ನಾಲ್ಕು ಬಾಗಿಲಲ್ಲಿ ನಾಲ್ಕು ತಲೆ ಇದ್ದವು. ಅವರ ಕಿಟಕಿಯ ಮುಂದೆ ಸಾಲು ನಿಂತ ಜನ ಯಾವತ್ತೂ ಅವರನ್ನು ಹಾಗೆ ನೋಡಿದವರಲ್ಲ.

"ಬಾಹ್ಯಾಕಾಶದ್ದು," ಎಂದರು. "ಹದಿನಾರನೇ ತಾರೀಖು ಹಾರಾಟ ಇದೆ."

ತಿಂಗಳ ಒಂದು ಮತ್ತು ಹದಿನಾರು ಲಾಟರಿ ತೆಗೆಯುವ ದಿನ. ನಮ್ಮಲ್ಲಿ ಹೊಸ ವಾಹನ ಬಂದರೆ ಜನ ಮೊದಲು ನೋಡುವುದು ಅದರ ನಂಬರನ್ನು. ಆ ನಂಬರಿನ ಚೀಟಿ ಸಂಜೆಯೊಳಗೆ ಸಿಗದಂತಾಗುತ್ತದೆ. ಇಲ್ಲಿ ಬಂದದ್ದು ಬಾಹ್ಯಾಕಾಶದ ವಾಹನ, ಹೊರಡುವುದು ಹದಿನಾರರಂದೇ. ಪಾ ಬುಪ್ಫಾ ಮೇಜು ಮಡಿಸದೆ, ಚೀಟಿಗಳ ಮೇಲೆ ಇಟ್ಟಿಗೆ ಇಟ್ಟು, ಬೀದಿ ಉದ್ದಕ್ಕೂ ನಡೆದು ಹೋದರು. ಅವರು ವಾಪಸು ಬರುವ ಹೊತ್ತಿಗೆ ಸರ್ಕಾರ ಲುಂಗ್ ಪ್ರಯೂನರನ್ನು ಬಾಹ್ಯಾಕಾಶಕ್ಕೆ ನಿಯೋಜಿಸಿಯಾಗಿತ್ತು.

"ಗುರುತಿನ ಚೀಟಿ ಕೊಡೋನು ಅಲ್ಲಿ ಹೋಗಿ ಏನ್ಮಾಡ್ತಾನೆ?" ಎಂದು ಒಬ್ಬರು ಕೇಳಿದ್ದಕ್ಕೆ ಪಾ ಬುಪ್ಫಾ, "ಅಲ್ಲಿ ಜನ ಇದ್ಮೇಲೆ ಗುರುತಿನ ಚೀಟಿ ಬೇಡ್ವಾ?" ಎಂದರು.

ಮರುದಿನ ತಾಲ್ಲೂಕು ಸಾಹೇಬರು ಲುಂಗ್‌ರನ್ನು ಕೋಣೆಗೆ ಕರೆಸಿದರು. ಈ ಮಾತುಕತೆ ರಾತ್ರಿ ಊಟಕ್ಕೆ ಗೋಡೆಯಾಚೆ ಪೂರ್ತಿಯಾಗಿ ಬಿತ್ತರಗೊಂಡಿತು.

"ನಮ್ಮ ಕಚೇರಿಯಿಂದ ಒಬ್ಬರು ಮೇಲೆ ಹೋಗ್ತಿದ್ದಾರೆ, ನನಗೇ ಗೊತ್ತಿಲ್ಲ," ಎಂದರಂತೆ ಸಾಹೇಬರು.

"ಸರ್, ಅದು ಬರೀ ಕಂಪ್ಯೂಟರಿನಲ್ಲಿ..."

"ಈಗ ಯಾವುದ್ರೀ ಕಂಪ್ಯೂಟರಿನಲ್ಲಿಲ್ಲ? ಭೂಮಿ ದಾಖಲೆ ಕಂಪ್ಯೂಟರಿನಲ್ಲಿದೆ. ಹಾಗಂತ ಭೂಮಿ ಇಲ್ವಾ?"

ಲುಂಗ್‌ಗೆ ಇದು ಸರಿ ಅನ್ನಿಸಿತು. ಮೇಲಧಿಕಾರಿ ಹೇಳಿದ್ದು ಅವರಿಗೆ ಯಾವಾಗಲೂ ಸರಿ ಅನ್ನಿಸುತ್ತದೆ.

ಸಾಹೇಬರು ತಮ್ಮ ಜೀಪಿನ ಕನ್ನಡಿಗೆ ಕಟ್ಟಿದ್ದ ಕಪ್ಪು ಕಬ್ಬಿಣದ ತಾಯತವನ್ನು ಬಿಚ್ಚಿ ಕೊಟ್ಟರು. "ಇದು ಇರೋದ್ರಿಂದ ಮೂರು ಸಲ ವರ್ಗಾವಣೆ ತಪ್ತು. ಹಿಡಿಕೆಗೆ ಕಟ್ಟಿ. ಹದಿನಾರಕ್ಕೆ ನಾನೇ ಬಂದು ನೋಡ್ತೀನಿ."

ವಾಹನಕ್ಕೆ ತಾಯತ ಸಿಕ್ಕಿದ ಮೇಲೆ ಆಶೀರ್ವಾದವಾಗದೆ ಹೊರಡುವಂತಿಲ್ಲ. ಬುಲ್ಡೋಜರಿಗೂ ವಿಹಾರದ ಹಿರಿಯ ಭಿಕ್ಷುಗಳು ಬಂದು ಬಿಳಿ ಗಂಧದ ಮೂರು ಚುಕ್ಕೆ ಇಡುತ್ತಾರೆ, ಮಂತ್ರದ ನೀರು ಚಿಮುಕಿಸುತ್ತಾರೆ. ಪಾ ಲಮೈ ಹೋಗಿ ಕರೆದರು. ಹಿರಿಯ ಭಿಕ್ಷುಗಳನ್ನು ನಾವು ಕರೆಯುವುದು ಲುವಾಂಗ್ ಪೋ ಎಂದು. ಅವರು ಬಂದು ಅಂಗಳದಲ್ಲಿ ನಿಂತು ಸುತ್ತ ನೋಡಿದರು.

"ವಾಹನ ಎಲ್ಲಿ ಉಪಾಸಕರೇ?"

ಲುಂಗ್ ಮೊಣಕಾಲೂರಿ ಮೇಜಿನ ಮೇಲಿನ ಕೋಲು ತೋರಿಸಿದರು.

"ಇದು ಹಿಡಿಕೆ. ಉಳಿದದ್ದು?"

"ಉಳಿದದ್ದು ಬಾಹ್ಯಾಕಾಶದಲ್ಲಿದೆ, ಲುವಾಂಗ್ ಪೋ."

ಭಿಕ್ಷುಗಳು ಬಗ್ಗಿ ಕೋಲನ್ನು ನೋಡಿದರು. "ಮೂವತ್ತು ವರ್ಷದಿಂದ ವಾಹನ ಹರಸ್ತಿದ್ದೀನಿ. ಕಂತು ಕಟ್ಟದೆ ಬ್ಯಾಂಕಿನವರು ತಗೊಂಡು ಹೋದ ಮೇಲೆ ಬರೀ ಬೀಗದ ಕೈ ತಂದವರಿದ್ದಾರೆ. ಹೊಸ ವಾಹನಕ್ಕೆ ಹಿಡಿಕೆ ಮಾತ್ರ ತಂದವರು ನೀವೇ ಮೊದಲು," ಎಂದು ಹೇಳಿ, ಇರುವುದಕ್ಕೇ ಮೂರು ಚುಕ್ಕೆ ಇಟ್ಟು ಹೋದರು.

ಇನ್ನು ಜೋಡಣೆ. ಮೂವತ್ತೆರಡು ಗುಂಡಿಗೆ ಮೂವತ್ತೆರಡು ಕೆಲಸ ಹಂಚಬೇಕು. ಲುಂಗ್ ಇದನ್ನು ಕಚೇರಿಯ ಕೆಲಸ ಹಂಚಿಕೆಯಂತೆಯೇ ಮಾಡಿದರು: ಮುಖ್ಯವಾದ ಆರು ಕೆಲಸ ಒಂದೇ ಗುಂಡಿಗೆ, ಉಳಿದ ಗುಂಡಿಗಳಿಗೆ ದೀಪ ಹಚ್ಚುವುದು. ಮೂರು ದಿನ ಏನೂ ಹಾರಲಿಲ್ಲ. ಹಡಗು ನಿಂತಲ್ಲೇ ನಾನಾ ಬಗೆಯಲ್ಲಿ ಬೆಳಗಿತು. ಕೊನೆಗೆ ಪಡೆಯವರೊಬ್ಬರು ತಿದ್ದಿಸಿದರು. ಯಾವ ಗುಂಡಿ ಯಾವುದಕ್ಕೆಂದು ಲುಂಗ್ ಸಣ್ಣ ಚೀಟಿ ಬರೆದು ಅಂಟಿಸಿದರು.

ಆಮೇಲೆ ಸೊನ್ನೆ ಮಾಡುವ ಕೆಲಸ. ಪರದೆಯ ಮೇಲೆ ಒಂದು ಪುಟ ಬರುತ್ತದೆ, ಕೋಲು ಎಷ್ಟು ವಾಲಿದೆಯೆಂದು ಅಂಕೆಯಲ್ಲಿ ತೋರಿಸುತ್ತದೆ. ಕೈ ಬಿಟ್ಟರೆ ಸೊನ್ನೆಯಾಗಬೇಕು. ಲುಂಗ್ ಕೈ ಬಿಟ್ಟರು. ಅಂಕೆ 427 ಎಂದಿತು. ನೋಡುತ್ತಿದ್ದಂತೆ 391 ಆಯಿತು. ಮತ್ತೆ 427. ಯಾರೂ ಮುಟ್ಟಿರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಪಾ ಬುಪ್ಫಾ ಎರಡೂ ಕೈ ಮುಗಿದರು. "ನಂಬರು ತಾನಾಗೇ ಬರ್ತಿದೆ," ಎಂದರು ಪಿಸುಮಾತಿನಲ್ಲಿ.

ಅರ್ಧ ಗಂಟೆಯಲ್ಲಿ ಮನೆ ತುಂಬಿತು. ಕೆಲವರು ಚಾಪೆ ತಂದರು. ಯಾರೋ ಕೋಲಿನ ಮುಂದೆ, ಗುಡಿಯ ದೇವತೆಗೆ ಇಡುವಂತೆ, ಕೆಂಪು ಷರಬತ್ತಿನ ಬಾಟಲಿಗೆ ಕೊಳವೆ ಹಾಕಿ ಇಟ್ಟರು. ಪಾ ಲಮೈಯ ಮಿಠಾಯಿ ಹತ್ತು ಗಂಟೆಗೇ ಖಾಲಿಯಾಗತೊಡಗಿತು, ಆದ್ದರಿಂದ ಅವರೂ ಆಕ್ಷೇಪಿಸಲಿಲ್ಲ. ಲುಂಗ್ 'ಸೊನ್ನೆ ಮಾಡು' ಎಂಬ ಗುಂಡಿಯ ಕಡೆ ಕೈ ಚಾಚಿದರೆ ಹತ್ತು ಕಂಠ ಒಟ್ಟಿಗೆ ಏಳುತ್ತಿತ್ತು.

"ಅಳಿಸ್ಬೇಡ ಪ್ರಯೂನ್. ಹದಿನಾರಾಗ್ಲಿ."

"ಅಳಿಸ್ದಿದ್ರೆ ಹಡಗು ಎಡಕ್ಕೆ ಹೋಗತ್ತೆ ಬುಪ್ಫಾ."

"ಅಲ್ಲಿ ಎಡಕ್ಕೆ ಯಾರಿದ್ದಾರೆ? ಜಾಗ ಬೇಕಾದಷ್ಟಿದೆ ಅಂತ ನೀನೇ ಹೇಳಿದ್ದಲ್ವಾ?"

ಪರೀಕ್ಷೆಗೆಂದು ಹೊಲಿಸುತ್ತಿದ್ದ ಪಡೆಯ ಸಮವಸ್ತ್ರಕ್ಕೆ ಅವರ ಅಳತೆ ತೆಗೆಯಲು ನಾನು ಹೋದಾಗ ಹದಿಮೂರನೇ ತಾರೀಖು. ತೋಳು ಅಳೆಯುವಾಗ ಗುಂಡುಸೂಜಿಯ ಡಬ್ಬಿಯನ್ನು ಮೇಜಿನ ಮೇಲೆ ಇಟ್ಟೆ. ಸೂಜಿಗಳು ಎದ್ದು ಹೋಗಿ ತಾಯತಕ್ಕೆ ಅಂಟಿಕೊಂಡವು. ಆಗ ಗಮನಿಸಿದೆ. ಮೂಲೆಯ ಫ್ಯಾನು ಈ ಕಡೆ ತಿರುಗಿದಾಗ ಕೋಲಿಗೆ ನೇತಾಡುವ ತಾಯತ ಅಲುಗುತ್ತದೆ, ಪರದೆಯ ಅಂಕೆಯೂ ಅಲುಗುತ್ತದೆ. ಫ್ಯಾನು ಆ ಕಡೆ ಹೋದರೆ ಎರಡೂ ನಿಲ್ಲುತ್ತವೆ.

ಜನ ಊಟಕ್ಕೆ ಎದ್ದಾಗ ಹೇಳಿದೆ. "ಲುಂಗ್, ಆ ತಾಯತ ಅಯಸ್ಕಾಂತ. ತೆಗೆದ್ರೆ ಸರಿಹೋಗಬಹುದು."

ಅವರು ಆಚೀಚೆ ನೋಡಿ ತಾಯತವನ್ನು ಎತ್ತಿ ದೂರ ಹಿಡಿದರು. ಅಂಕೆ ಸೊನ್ನೆಯಾಯಿತು. ಅಲ್ಲಾಡದ ಸೊನ್ನೆ. ಲುಂಗ್ ಮುಖದಲ್ಲಿ ಅಂಥ ಸಂತೋಷವನ್ನು ನಾನು ಹಿಂದೆ ನೋಡಿರಲಿಲ್ಲ. ಆ ಸಂತೋಷ ನಿಧಾನವಾಗಿ ಇಳಿಯಿತು. ಅವರು ತಾಯತವನ್ನು ಮತ್ತೆ ಕೋಲಿಗೆ ಬಿಟ್ಟರು.

"ಯಾಕೆ?"

"ಸಾಹೇಬ್ರು ಕೊಟ್ಟದ್ದಮ್ಮ."

"ಹಾರೋವಾಗ ಮಾತ್ರ ತೆಗೀರಿ."

"ಹಾರೋವಾಗಲೇ ಸಾಹೇಬ್ರು ನೋಡೋಕೆ ಬರೋದು," ಎಂದು ನಿಟ್ಟುಸಿರು ಬಿಟ್ಟರು. "ಸ್ವಲ್ಪ ಬಲಕ್ಕೆ ವಾಲಿ ಕೂತ್ಕೋತೀನಿ."

ಮೂರು ದಿನ ಅವರು ಬಲಕ್ಕೆ ವಾಲಿ ಅಭ್ಯಾಸ ಮಾಡಿದರು. ಕಿಟಕಿಯ ಹಿಂದೆಯೂ ಬಲಕ್ಕೆ ವಾಲಿಯೇ ಕೂತರು, ಅನ್ನವನ್ನೂ ಬಲಕ್ಕೆ ವಾಲಿಯೇ ಉಂಡರು. ಪಾ ಲಮೈ ಬೆನ್ನಿಗೆ ಮುಲಾಮು ಹಚ್ಚಿದರು.

ಹದಿನಾರು ಬಂತು. ಮುಂದಿನ ಸಾಲಿನ ಒಂದೇ ಕುರ್ಚಿಯಲ್ಲಿ ಸಾಹೇಬರು, ಹಿಂದೆ ಚಾಪೆಗಳ ಮೇಲೆ ಬೀದಿ. ಮನೆ ಚೊಕ್ಕಟವಾಗಿರಲೆಂದು ಪಾ ಲಮೈ ಬೆಳಿಗ್ಗೆ ಜಾಯ್‌ಸ್ಟಿಕ್ಕನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿದ್ದರು. ಉದುರಿದ ಚೀಟಿಗಳನ್ನೆಲ್ಲ ಎತ್ತಿ ಮತ್ತೆ ಅಂಟಿಸಿದ್ದರು. ಮೊದಲು ಸೊಟ್ಟಪಟ್ಟ ಇದ್ದವು, ಈಗ ಅಕ್ಷರಮಾಲೆಯ ಕ್ರಮದಲ್ಲಿ ಇಟ್ಟಿದ್ದೀನಿ ಎಂದರು. ಇದು ಲುಂಗ್‌ಗೆ ತಿಳಿದಾಗ ಗಡಿಯಾರದಲ್ಲಿ ಒಂದು ಇಪ್ಪತ್ತೊಂಬತ್ತು.

"ಗಗನ ಹದಿನೇಳು, ಕಮಾಂಡರ್ ಮಾತಾಡ್ತಿರೋದು," ಎಂದು ಸ್ಪೀಕರಿನಿಂದ ದನಿ ಬಂತು. ಬೀದಿ ಇಡೀ ಸ್ಪೀಕರಿಗೆ ಕೈ ಮುಗಿಯಿತು. "ಮೂರನೇ ಬಾಗಿಲು ತೆರೆದಿದೆ. ನಿಧಾನವಾಗಿ ಒಳಗೆ ಬನ್ನಿ."

ನಿಲ್ದಾಣ ಪರದೆಯಲ್ಲಿ ದೊಡ್ಡದಾಗುತ್ತ ಬಂತು. ಹಡಗು ಎಡಕ್ಕೆ ಸರಿಯಿತು. ಲುಂಗ್ ಬಲಕ್ಕೆ ವಾಲಿದರು. ಅವರು ವಾಲಿದ್ದು ನೋಡಿ ಹಿಂದಿದ್ದವರೆಲ್ಲ ಬಲಕ್ಕೆ ವಾಲಿದರು. ಸಾಹೇಬರು ಒಂದು ಕ್ಷಣ ಯೋಚಿಸಿ, ತಾವೂ ವಾಲಿದರು. ಸೆಖೆಯಲ್ಲಿ ಸಾಹೇಬರು ಬೆವರಬಾರದೆಂದು ಯಾರೋ ಫ್ಯಾನನ್ನು ಮೂರಕ್ಕೆ ತಿರುಗಿಸಿದರು.

ತಾಯತ ಗಿರಗಿರನೆ ಸುತ್ತತೊಡಗಿತು.

"ಗಗನ ಹದಿನೇಳು, ಏನ್ಮಾಡ್ತಿದ್ದೀರಿ?"

"ಬರ್ತಿದ್ದೀನಿ ಸರ್."

"ನೀವು ತಲೆಕೆಳಗಾಗಿದ್ದೀರಿ."

"ಗೊತ್ತು ಸರ್."

"ವೇಗ ಕಡಿಮೆ ಮಾಡಿ."

ಲುಂಗ್ 'ವೇಗ ಇಳಿಸು' ಎಂದು ಬರೆದಿದ್ದ ಗುಂಡಿ ಒತ್ತಿದರು. ಹಡಗಿನ ಹೊಟ್ಟೆ ತೆರೆದು ಒಳಗೆ ಸರಕಾಗಿ ತುಂಬಿದ್ದ ನಲವತ್ತು ಟನ್ ಆಲೂಗಡ್ಡೆ ಮೂರನೇ ಬಾಗಿಲಿನ ತುಂಬ ಚೆಲ್ಲಿತು. 'ಇಳಿಯುವ ಕಾಲು ಬಿಡು' ಒತ್ತಿದರೆ ವೇಗ ಎರಡು ಪಟ್ಟಾಯಿತು. ಬಾಗಿಲ ಒಳಗೆ, ಪರೀಕ್ಷೆ ನೋಡಲು ದೀಪಾಲಂಕಾರ ಮಾಡಿಕೊಂಡು ನಿಂತಿದ್ದ ಕಮಾಂಡರ್ ಹಡಗು ಕ್ಷಣಕ್ಷಣಕ್ಕೂ ದೊಡ್ಡದಾಯಿತು, ಆಮೇಲೆ ಪರದೆ ಬೆಳ್ಳಗಾಯಿತು.

ಸ್ವಲ್ಪ ಹೊತ್ತಿನ ಮೇಲೆ ಸ್ಪೀಕರ್ ಕೆಮ್ಮಿತು. "ಗಗನ ಹದಿನೇಳು, ನೀವೀಗ ನನ್ನ ಹಡಗಿನ ಒಳಗಿದ್ದೀರಿ."

"ಇಳಿದ್ರಾ?" ಎಂದು ಕೇಳಿದರು ಸಾಹೇಬರು.

"ಇಳಿದೆ ಸರ್," ಎಂದರು ಲುಂಗ್. "ಕಮಾಂಡರ್ ಮೇಲೆ."

ಸಾಹೇಬರು ಚಪ್ಪಾಳೆ ತಟ್ಟಿದರು. ಸಾಹೇಬರು ತಟ್ಟಿದ್ದರಿಂದ ಬೀದಿಯೂ ತಟ್ಟಿತು.

ಲಾಟರಿಯಲ್ಲಿ 427 ಬರಲಿಲ್ಲ. 391 ಕೂಡ ಬರಲಿಲ್ಲ. ಬಂದದ್ದು 058. ಪ್ರಯೂನ್ ತಲೆಕೆಳಗಾಗದೆ ಹೋಗಿದ್ದರೆ ಖಂಡಿತ ಬರುತ್ತಿತ್ತು ಎಂದು ಪಾ ಬುಪ್ಫಾ ವಿವರಿಸಿದರು. ಚೀಟಿ ಮಾರಿ ಮುಗಿದಿದ್ದರಿಂದ ವಿವರಿಸಲು ಅವರಿಗೆ ಬಿಡುವಿತ್ತು. ಸಾಹೇಬರು ಯಾರೂ ನೋಡುತ್ತಿಲ್ಲವೆಂದುಕೊಂಡು ತಾಯತ ಬಿಚ್ಚಿಕೊಂಡು ಹೋದರು. ಜೇಬಿನಿಂದ ಅವರದೇ ಏಳು ಚೀಟಿ ಉದುರಿದವು, ಎಲ್ಲವೂ 427.

ಎಲ್ಲರೂ ಹೋದ ಮೇಲೆ ಲುಂಗ್ ಕೈ ಬಿಟ್ಟು ನೋಡಿದರು. ಸೊನ್ನೆ. ಕೋಲು ಈಗ ಬೆರಳು ಸೋಕಿದರೆ ಬೆಣ್ಣೆಯ ಹಾಗೆ ತಿರುಗುತ್ತಿತ್ತು. ಆದರೆ ಹಾರಾಟಕ್ಕೆ ಪಡೆಯಿಂದ ತಡೆಯಾಜ್ಞೆ ಬಂದಿತ್ತು. ಕಾರಣ ತಿಳಿಸಿ ಮೂರು ದಿನದಲ್ಲಿ ವರದಿ ಕೊಡಬೇಕು. ಅದರ ಮೇಲೆ ತೀರ್ಮಾನ.

"ಒಂದೇ ಒಂದು ದಾರಿ ಇದೆ ಲಮೈ," ಎಂದರು. "ಎಂಥ ವರದಿ ಬರೀಬೇಕಂದ್ರೆ, ಓದಿದವ್ರು ಇನ್ನೊಂದ್ಸಲ ಹಾರು ಅನ್ಬೇಕು."

ಹದಿನಾಲ್ಕು ಪುಟ ಬರೆದರು. 'ಮೂರನೇ ಬಾಗಿಲ ಬಳಿ ಸಂಭವಿಸಿದ ಸಂಪರ್ಕದ ಕುರಿತು' ಎಂದು ತಲೆಬರಹ. ಇಡೀ ವರದಿಯಲ್ಲಿ ಡಿಕ್ಕಿ ಎಂಬ ಮಾತು ಒಂದು ಸಲವೂ ಬರಲಿಲ್ಲ. ಕಾರಣ ಎಂಬಲ್ಲಿ 'ಮೇಲಿನಿಂದ ಬಂದ ಹಾರೈಕೆಯ ಆಕರ್ಷಣೆ' ಎಂದಿತ್ತು. ನಕ್ಷೆ ಇತ್ತು, ಆಲೂಗಡ್ಡೆಯ ಪಂಚನಾಮೆ ಇತ್ತು, ಪಾ ಬುಪ್ಫಾರ ಹೆಬ್ಬೆಟ್ಟಿನ ಗುರುತಿನೊಡನೆ ಸಾಕ್ಷಿ ಹೇಳಿಕೆ ಇತ್ತು. ಓದಿ ಮುಗಿಸಿದಾಗ ನನಗೆ, ಕಮಾಂಡರ್ ಅಲ್ಲಿ ಯಾಕೆ ನಿಂತಿದ್ದರು ಎಂದು ಸಿಟ್ಟು ಬಂತು.

ಕಮಾಂಡರಿಗೂ ಹಾಗೆಯೇ ಆಗಿರಬೇಕು. ಅವರ ಉತ್ತರವನ್ನು ಲುಂಗ್ ನಿಂತುಕೊಂಡು ಕೇಳಿದರು. "ಇನ್ನೂರು ಜನ ಇದ್ದಾರ್ರೀ ಪಡೆಯಲ್ಲಿ. ಎಲ್ಲಾ ಹಾರ್ತಾರೆ. ಒಬ್ಬನಿಗೂ ಒಂದು ಪುಟ ಬರೆಯೋಕೆ ಬರಲ್ಲ. ನಿಮ್ಮಂಥವರನ್ನ ಹಾರಾಡೋಕೆ ಬಿಟ್ಟು ನಾನು ಎಂಥ ತಪ್ಪು ಮಾಡ್ತಿದ್ದೆ."

ಆ ದಿನವೇ ಲುಂಗ್ ಪ್ರಯೂನ್ 'ಹಾರಾಟ ಅನುಮತಿ ವಿಭಾಗದ ಮಹಾ ಮುಖ್ಯಸ್ಥ'ರಾದರು. ಸಮವಸ್ತ್ರದ ಹೆಗಲಿಗೆ ನಾಲ್ಕು ಪಟ್ಟಿ ಹೊಲಿಯಲು ನನ್ನ ಹತ್ತಿರ ತಂದರು; ಪೈಲಟ್‌ಗೆ ಎರಡೇ. ಈಗ ಆ ಪಡೆಯಲ್ಲಿ ಯಾರ ಹಡಗು ಮೇಲೇಳಬೇಕಾದರೂ ಇವರ ಸಹಿ ಬೇಕು. ಸಂಜೆ ಆರರಿಂದ ಒಂಬತ್ತರವರೆಗೆ ಗೋಡೆಯಾಚೆ ಅವರ ದನಿ ಕೇಳುತ್ತಿರುತ್ತದೆ: ಅರ್ಜಿ ಅಪೂರ್ಣ, ನಾಳೆ ಬನ್ನಿ. ಪಡೆಯ ಅರ್ಧ ಹಡಗುಗಳು ನಿಲ್ದಾಣದಲ್ಲೇ ಸಾಲು ನಿಂತಿವೆಯಂತೆ.

ಮೊನ್ನೆ ಪಾ ಲಮೈ ತೆಂಗಿನಕಾಯಿ ಒಡೆಯುತ್ತ ಕೇಳಿದರು. "ಅವರಿಗೆಲ್ಲ ನೀವೇ ಸಹಿ ಹಾಕೋದಾದ್ರೆ, ನಿಮ್ಮದೊಂದಕ್ಕೂ ಹಾಕ್ಕೊಂಡು ಹಾರಿಬಿಡಬಾರ್ದಾ? ಕೋಲು ಈಗ ಸರಿಯಾಗಿದೆಯಲ್ಲ."

"ಅರ್ಜಿ ಹಾಕಿದ್ದೀನಿ. ಆದ್ರೆ ಅಧಿಕಾರಿ ತನ್ನ ಅರ್ಜಿಗೆ ತಾನೇ ಸಹಿ ಹಾಕೋ ಹಾಗಿಲ್ಲ. ನಿಯಮ ಇದೆ."

"ಯಾವ ಮಹಾತ್ಮ ಮಾಡಿದ್ದು ಆ ನಿಯಮ?"

ಗೋಡೆಯಾಚೆ ಕಾಯಿ ತುರಿಯುವ ಸದ್ದು ಶುರುವಾಯಿತು.

"ನಾನೇ," ಎಂದರು ಲುಂಗ್. "ಹೋದ ವಾರ."